ಷರಾ

ಇಳಕಲ್ಲಿನ ಮೂರನೇ ನಂಬರ್ ಸಾಲಿಯ ಕಪಾಟಿನಲ್ಲಿ
ಗೆದ್ದಲು ಅರ್ಧ ಓದಿ ಬಿಟ್ಟ ದಾಖಲಾತಿ ಪುಸ್ತಕ.
ಜಾಡಿಸಿದರೆ ಸಾವಿರದ ಒಂಬೈನೂರ ಮೂವತ್ತಾರು,
ಟಾಕಿನ ದುಂಡು ಅಕ್ಷರ:
ಗುಂಡೇಟಿ ಅಂಬಾದಾಸ ಪೋಚಯ್ಯ. ಬಿನ್ನೆತ್ತೆ.
ತಂದೆಯ ಉದ್ಯೋಗ ನೇಯ್ಗೆ. ಮಾತು ತೆಲುಗು.
ಕಟ್ಟಕಡೆಯ ಕಲಮಿನಲ್ಲಿ, ಷರಾ ಎಂಬಲ್ಲಿ,
ಗಂಜಿಹಾಳ ಮಾಸ್ತರರು ಬರೆದದ್ದು:
"ಹುಡುಗ ಮೂಕನಲ್ಲ. ಸಾಲಿಗೆ ಕಿವುಡು."
ಅದರ ಮೇಲೆ ದಿಪೋಟಿ ಸಾಹೇಬರ ಕೆಂಪು ಶಾಯಿ:
"ಸ್ವಂತ ಅಭಿಪ್ರಾಯ ಬರೆಯತಕ್ಕದ್ದಲ್ಲ."

ಉಳಿದದ್ದನ್ನು ಹೇಳಿದವಳು ಅಂಬಾದಾಸನ ತಂಗಿ,
ತೊಂಬತ್ತರಲ್ಲೂ ಕಂಡಿಕಿ ಸುತ್ತುವ ಮುದುಕಿ:
ಸಾಲು ಮುರಿದು ಬೇವಿನ ಸುತ್ತ ಕೂಡಿಸಿದರಂತೆ,
ಮಗ್ಗಿ ಕಲಿಸಲು ಮಗ್ಗದ ಕಂಡಿಕಿಯನ್ನೇ ತರಿಸಿದರಂತೆ,
ಲಾಳಿಗೆ ನಿಮ್ಮಲ್ಲಿ ಏನಂತಾರಪ್ಪಾ ಅಂತ
ಬಿನ್ನೆತ್ತೆಯ ಕೂಸಿನ ಮುಂದೆ ಕೈಕಟ್ಟಿ ನಿಂತರಂತೆ.
ನಾಡೆ, ಅಂದನಂತೆ ಅಣ್ಣ. ಅದೇ ಅವನ ಮೊದಲ ಮಾತು.
ದಿಪೋಟಿಯವರು ಹೊಸ್ತಿಲಲ್ಲೇ ನಿಂತು,
"ಇದೇನು ಸಾಲಿಯೋ, ಸಂತಿಯೋ?
ಸಾಲು ಇದ್ದರಷ್ಟೇ ಸಾಲಿ."
ಮುಂದಿನ ವಾರವೇ ಮಾಸ್ತರರಿಗೆ ವರ್ಗ, ಹೊಳೆಯಾಚೆ.
ಯಾವ ಊರಿಗೆ ಅಂತ ಅಜ್ಜಿಗೆ ನೆನಪಿಲ್ಲ.
ಬೇವು ಇದೆ. ಅದರ ಬುಡಕ್ಕೆ ಈಗ
ಹೆಡ್‌ಮಾಸ್ತರರ ಬೈಕು ನಿಲ್ಲುತ್ತದೆ.

ಅರವತ್ತು ವರ್ಷ ಬೆನ್ನು ನೋಡುತ್ತ ಕಲಿತಿತು ಊರು.
ನಾನೂ ಇಲ್ಲೇ, ಮೂರನೇ ಸಾಲು,
ಮುಂದಿನವಳ ಜಡೆಯೊಂದು ಬಾಯಿಪಾಠ.
ಆಮೇಲೆ ಬೆಂಗಳೂರಿನಿಂದ ಸುತ್ತೋಲೆ ಬಂತು:
ಸುತ್ತು ಕೂಡಿಸಿರಿ.
ಕಾರ್ಡು, ತಟ್ಟೆ, ಗೋಡೆಗೆ ಏಣಿಯ ಚಿತ್ರ,
ಎರಡು ದಿನದ ತರಬೇತಿ, ಚಹಾ, ಉಪ್ಪಿಟ್ಟು.
ಹೊಸದು ಅಂದರು.
ನಾನೂ ಹೊಸದೆಂದೇ ನಂಬಿದ್ದೆ, ಈ ಕಪಾಟು ತೆರೆಯುವತನಕ.

ದೀಪಾವಳಿ ಸೂಟಿ ಮುಗಿದ ಮರುದಿನ
ಪಾಲಿಶ್ ಫ್ಯಾಕ್ಟರಿಯ ಶೆಡ್ಡಿನಿಂದ ಟುಕುನಿ ಬಾಗ್ ಬಂದಳು,
ಮೊಣಕಾಲತನಕ ಕಲ್ಲಿನ ಕೆಸರು ಒಣಗಿ
ಕಾಲುಚೀಲ ತೊಟ್ಟ ಹಾಗೆ.
ಬಲಾಂಗೀರ್, ಅಂದರು ಅವಳಪ್ಪ. ನಕಾಶೆಯಲ್ಲಿ ನನಗೆ ಸಿಗಲಿಲ್ಲ.
ಅಡ್ಡಹೆಸರು ಕೇಳಿ ಹುಡುಗರು ಬಾಗಿ ಬಾಗಿ ನಕ್ಕರು.
ಎರಡು ತಿಂಗಳು ತುಟಿ ಹೊಲಿದುಕೊಂಡೇ ಕೂತಳು.
ನಾನು ಬರೆದೆ, ಷರಾ: ಮಂದ.
ಪೆನ್ಸಿಲಿನಲ್ಲಿ ಬರೆದೆ, ಆದರೂ ಬರೆದೆ.

ರ, ಗ, ಸ, ದ, ಅ. ಮೊದಲ ಮೆಟ್ಟಿಲಿನ ಅಕ್ಷರಗಳು.
ಅವುಗಳಲ್ಲೇ ಆಗುವ ಒಂದು ಪದ: ಗರಗಸ.
ಕಾರ್ಡಿನ ಚಿತ್ರದ ಮೇಲೆ ಬೆರಳಿಟ್ಟಳು.
ಕಿಟಕಿಯಾಚೆ ಕೆಂಪು ಕಲ್ಲು ಕೊಯ್ಯುವ ಸದ್ದು,
ನಾವೆಲ್ಲ ಎಂದೋ ಕೇಳುವುದನ್ನು ಬಿಟ್ಟ ಸದ್ದು,
ಅದರ ಕಡೆ ಗದ್ದ ಎತ್ತಿ
"ಕರತ" ಅಂದಳು. ತಡೆದು, "ಬಾಪಾ."
ಇಡೀ ಸುತ್ತು ಕಿವಿಗೊಟ್ಟಿತು
ಕಲ್ಲಿಗೂ ಟುಕುನಿಗೂ.
ನಾನು ರಬ್ಬರ್ ಹುಡುಕಿದೆ.

ಇದನ್ನು ಕೊಂಡಿ ಅನ್ನುವ ಆಸೆ ನಮ್ಮೂರಿನವರಿಗೆ:
ಒಡಲಿನ ಹತ್ತಿಗೆ ಸೆರಗಿನ ರೇಷ್ಮೆ
ಎಳೆಗೆ ಎಳೆ ಸಿಕ್ಕಿಸಿ ಸೀರೆ ಒಂದಾಗುವುದು.
ಬ್ಯಾಡ.
ಸೆರಗು ಮಿರಗಕ್ಕೆ ಬಿಚ್ಚಿಕೊಂಡು
ರೈಲು ಹತ್ತುವುದಿಲ್ಲ.
ಮೊದಲ ಮಳೆಗೆ ಮುಂಚೆಯೇ ಶೆಡ್ಡು ಖಾಲಿ.
ಟೀಸಿ ಯಾರೂ ಕೇಳಲಿಲ್ಲ.
ಏಣಿಯ ಏಳನೇ ಮೆಟ್ಟಿಲಿಗೆ
ಅವಳ ಹೆಸರಿನ ಚೀಟಿ ಇನ್ನೂ ಅಂಟಿಕೊಂಡಿದೆ.

ನಿನ್ನೆ ಕಿರುಪರೀಕ್ಷೆ. ಚಿತ್ರ ನೋಡಿ ಪದ ಬರೆ.
ನೇಕಾರ ಓಣಿಯ ಸಂಗನಬಸು,
ಹುನಗುಂದ ದಾಟಿ ಒಂದು ಊರೂ ಕಾಣದವನು,
ಗರಗಸದ ಕೆಳಗೆ ದಪ್ಪಗೆ ಬರೆದಿದ್ದ: ಕರತ.
ಕೆಂಪು ಪೆನ್ನು ಕೈಯಲ್ಲೇ ಇತ್ತು.
ತಪ್ಪು ಹಾಕಲಿಲ್ಲ. ಸರಿ ಅಂತಲೂ ಹಾಕಲಿಲ್ಲ.
ಹಾಳೆ ಹಾಗೇ ಮಡಚಿ ಹೊರಗೆ ಬಂದು
ಹೆಡ್‌ಮಾಸ್ತರರಿಗೆ ಅಂದೆ,
ಸರ್, ಗಾಡಿ ಒಂದೀಟು ಆಚಿಗೆ ಹಚ್ಚರಿ.
ಬೇವಿನ ಬುಡಕ್ಕ ಚಾಪಿ ಹಾಸೋದೈತಿ.